ಗಂಡನಿಗೆ ಬಿಡುಗಡೆ, ಹೆಂಡತಿ ಮಕ್ಕಳು ಬಯಲಿಗೆ: ಕ್ಯಾಂಪ್ ನೆಲ್ಸನ್‌ನ ಒಂದು ಪ್ರಕರಣ

ಅಮೆರಿಕದ ಅಂತರ್ಯುದ್ಧ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಪಠ್ಯಪುಸ್ತಕದ ಒಂದೆರಡು ಸಾಲು. ಉತ್ತರದವರೂ ದಕ್ಷಿಣದವರೂ ಹೊಡೆದಾಡಿದರು, ಲಿಂಕನ್ ಘೋಷಣೆ ಹೊರಡಿಸಿದರು, ಗುಲಾಮರು ಬಿಡುಗಡೆಯಾದರು. ಅಷ್ಟು ಸಲೀಸಾಗಿ ಏನೂ ನಡೆಯಲಿಲ್ಲ. 1864ರ ಕೊನೆಗೆ ಘೋಷಣೆ ಜಾರಿಯಾಗಿ ಎರಡು ವರ್ಷ ತುಂಬುತ್ತಾ ಬಂದಿತ್ತು. ಆಗಲೂ ಕೆಂಟಕಿ ರಾಜ್ಯದ ಗುಲಾಮನೊಬ್ಬನಿಗೆ, ಮಾಲೀಕ ತಾನಾಗಿ ಬಿಡದಿದ್ದರೆ, ಕಾನೂನಿನಲ್ಲಿ ಇದ್ದ ದಾರಿ ಒಂದೇ. ಉತ್ತರದವರ ಸೈನ್ಯ ಸೇರಬೇಕು. ಸೇರಿದರೆ ಅವನು ಸ್ವತಂತ್ರ. ಅವನ ಹೆಂಡತಿ ಮಕ್ಕಳು ಮಾತ್ರ ಮೊದಲಿನ ಹಾಗೇ ಮಾಲೀಕನ ಸ್ವತ್ತು.

ಈ ಪ್ರಕರಣ ಹಾಗೆ ಸೈನ್ಯ ಸೇರಿದ ಒಬ್ಬನದು. 1864ರ ನವೆಂಬರ್ 26ರಂದು ಆತ ಸೇನಾಧಿಕಾರಿಯೊಬ್ಬರ ಮುಂದೆ ಪ್ರಮಾಣ ಮಾಡಿ ಕೊಟ್ಟ ಹೇಳಿಕೆ ಸರ್ಕಾರಿ ಕಡತದಲ್ಲಿ ಉಳಿದಿದೆ. ಹೆಸರೂ ಅದರಲ್ಲಿದೆ. ಆ ಹೆಸರನ್ನು ನಾನು ಇಲ್ಲಿ ಬಳಸುತ್ತಿಲ್ಲ, ಮಾಲೀಕನ ಹೆಸರನ್ನೂ ಬಿಟ್ಟಿದ್ದೇನೆ. ಅಧಿಕಾರದಲ್ಲಿ ಕೂತು ತೀರ್ಮಾನ ಮಾಡಿದ ಕೆಲವರ ಹೆಸರು ಮಾತ್ರ ಬರುತ್ತದೆ. ಅವರು ಮಾಡಿದ್ದು ಸಾರ್ವಜನಿಕ ಕೆಲಸ, ಅಲ್ವಾ?

ಹಿನ್ನೆಲೆ

ಕೆಂಟಕಿಯದು ವಿಚಿತ್ರ ಪರಿಸ್ಥಿತಿ. 1860ರ ಜನಗಣತಿಯ ಪ್ರಕಾರ ಅಲ್ಲಿ ಸುಮಾರು 2,25,000 ಗುಲಾಮರಿದ್ದರು. ಆದರೂ ಆ ರಾಜ್ಯ ದಕ್ಷಿಣದ ಬಂಡಾಯ ಸೇರಲಿಲ್ಲ, ಉತ್ತರದವರ ಒಕ್ಕೂಟದಲ್ಲೇ ಉಳಿಯಿತು. 1863ರ ಜನವರಿ 1ರ ವಿಮೋಚನಾ ಘೋಷಣೆ ಬಂಡಾಯ ಎದ್ದ ಪ್ರದೇಶಗಳಿಗೆ ಮಾತ್ರ ಅನ್ವಯ. ನಿಷ್ಠರಾಗಿದ್ದ ರಾಜ್ಯಗಳ ಗುಲಾಮಗಿರಿಯನ್ನು ಅದು ಮುಟ್ಟಲೇ ಇಲ್ಲ. ಶತ್ರುವಿನ ನೆಲದ ಗುಲಾಮ ಕಾಗದದ ಮೇಲೆ ಸ್ವತಂತ್ರನಾದ, ಮಿತ್ರನ ನೆಲದವನು ಇದ್ದಲ್ಲೇ ಇದ್ದ.

ಕಪ್ಪು ಸೈನಿಕರ ಭರ್ತಿಗೆ 1862ರ ಜುಲೈನಲ್ಲೇ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಒಂದು ಕಾನೂನು ಮಾಡಿ ದಾರಿ ಮಾಡಿಕೊಟ್ಟಿತ್ತು. 1863ರ ಮೇ ತಿಂಗಳಲ್ಲಿ ಅದಕ್ಕಾಗಿಯೇ ಯುದ್ಧ ಇಲಾಖೆಯಲ್ಲಿ ಒಂದು ವಿಭಾಗ ತೆರೆದರು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,79,000 ಕಪ್ಪು ಜನ ಭೂಸೇನೆಯಲ್ಲಿ ದುಡಿದಿದ್ದರು. ಕೆಂಟಕಿಯಲ್ಲಿ ಮಾತ್ರ ಭರ್ತಿ ತಡವಾಯಿತು. ಗುಲಾಮರ ಕೈಗೆ ಬಂದೂಕು ಕೊಡುವುದಕ್ಕೆ ಅಲ್ಲಿನ ಮಾಲೀಕರೂ ಗವರ್ನರ್ ಥಾಮಸ್ ಬ್ರಾಮ್ಲೆಟ್ ಅವರೂ ಅಡ್ಡ ಬಂದರು. 1864ರ ಏಪ್ರಿಲ್‌ನಲ್ಲಿ ಭರ್ತಿ ಶುರುವಾದಾಗಲೂ ಮಾಲೀಕನ ಒಪ್ಪಿಗೆ ಬೇಕೆಂಬ ಷರತ್ತು ಇತ್ತು. ಗುಲಾಮನನ್ನು ಒಪ್ಪಿ ಕಳಿಸುವ ನಿಷ್ಠ ಮಾಲೀಕನಿಗೆ 300 ಡಾಲರ್‌ವರೆಗೆ ಪರಿಹಾರದ ಭರವಸೆಯೂ ಇತ್ತು.

ಆ ಷರತ್ತನ್ನು ಮುರಿದದ್ದು ಯಾವ ಸೇನಾ ಜನರಲ್ ಕೂಡ ಅಲ್ಲ, ಗುಲಾಮರೇ. ಮೇ ತಿಂಗಳಲ್ಲಿ ಡ್ಯಾನ್‌ವಿಲ್ ಊರಿನಿಂದ ಸುಮಾರು 250 ಜನ ಗುಂಪಾಗಿ ಸೈನ್ಯ ಸೇರಲು ನಡೆದುಕೊಂಡು ಹೊರಟರು. ಊರಿನ ಬಿಳಿಯರು, ಕಾಲೇಜು ಹುಡುಗರು ಅವರ ಮೇಲೆ ಕಲ್ಲು ತೂರಿದರು. ಇವರು ನಿಲ್ಲಲಿಲ್ಲ. ಹೀಗೆ ಒಪ್ಪಿಗೆ ಕೇಳದೆ ಬರುವವರು ಜಾಸ್ತಿಯಾದ ಹಾಗೆ ಷರತ್ತನ್ನು ಕೈಬಿಡದೆ ವಿಧಿ ಇರಲಿಲ್ಲ. ಜೂನ್ ಹೊತ್ತಿಗೆ ಗಟ್ಟಿಮುಟ್ಟಾದ ಯಾರೇ ಬಂದರೂ ಸೇರಿಸಿಕೊಳ್ಳಿ ಎಂಬ ಆದೇಶ ಬಂತು. ಕೊನೆಗೆ ಕೆಂಟಕಿಯಿಂದ 23,000ಕ್ಕೂ ಹೆಚ್ಚು ಕಪ್ಪು ಸೈನಿಕರು ಸೇರಿದರು. ಇದಕ್ಕಿಂತ ಹೆಚ್ಚು ಜನರನ್ನು ಕೊಟ್ಟದ್ದು ಲೂಯಿಸಿಯಾನ ಮಾತ್ರ.

ಇವರಲ್ಲಿ 10,000ಕ್ಕೂ ಹೆಚ್ಚು ಜನ ಹೆಸರು ಬರೆಸಿದ್ದು ಅಥವಾ ತರಬೇತಿ ಪಡೆದದ್ದು ಕ್ಯಾಂಪ್ ನೆಲ್ಸನ್ ಎಂಬ ಸೇನಾ ನೆಲೆಯಲ್ಲಿ. ಕೆಂಟಕಿ ನದಿಯ ಕಡಿದಾದ ಬಂಡೆಗಳ ಮೇಲೆ ಸುಮಾರು 4,000 ಎಕರೆಯ ಜಾಗ. ಗೋದಾಮು, ಬೇಕರಿ, ಆಸ್ಪತ್ರೆ, ಕೋಟೆ ಎಲ್ಲ ಸೇರಿ 300ರಷ್ಟು ಕಟ್ಟಡ. ಗುಲಾಮನೊಬ್ಬ ಆ ಕಾವಲು ಗೆರೆ ದಾಟಿ ಒಳಗೆ ಬಂದು ಹೆಸರು ಬರೆಸಿದರೆ ಸಾಕು, ಅವನನ್ನು ಮತ್ತೆ ಯಾರೂ ಎಳೆದುಕೊಂಡು ಹೋಗುವ ಹಾಗಿರಲಿಲ್ಲ.

ತೊಡಕು ಎಲ್ಲಿತ್ತು

1862ರ ಕಾನೂನಿನಲ್ಲಿ ಸೈನಿಕನ ತಾಯಿ, ಹೆಂಡತಿ, ಮಕ್ಕಳಿಗೂ ಬಿಡುಗಡೆ ಎಂಬ ಮಾತು ಇತ್ತು. ಆದರೆ ಅವರ ಮಾಲೀಕ ಬಂಡಾಯಗಾರನಾಗಿದ್ದರೆ ಮಾತ್ರ. ಕೆಂಟಕಿಯಲ್ಲಿ ತಾನು ಬಂಡಾಯಗಾರ ಎಂದು ಒಪ್ಪುವ ಮಾಲೀಕ ಯಾರು ಸಿಗುತ್ತಾನೆ? ಎಲ್ಲರೂ ಒಕ್ಕೂಟಕ್ಕೆ ನಿಷ್ಠರೇ. ಹಾಗಾಗಿ ಆ ಸಾಲು ಅಲ್ಲಿ ಸತ್ತ ಅಕ್ಷರ.

ಗಂಡ ಓಡಿಹೋಗಿ ಸೈನ್ಯ ಸೇರಿದ ಸಿಟ್ಟನ್ನು ಮಾಲೀಕರು ಹೆಂಡತಿ ಮಕ್ಕಳ ಮೇಲೆ ತೀರಿಸಿಕೊಳ್ಳುತ್ತಿದ್ದರು. ಗಂಡಸರ ಕೆಲಸವನ್ನೂ ಹೆಂಗಸರ ಮೇಲೆ ಹೇರುವುದು, ಹೊಡೆಯುವುದು, ಅನ್ನ ಹಾಕದೆ ಮನೆಯಿಂದ ಹೊರಗಟ್ಟುವುದು. ಹೊರಗೆ ಬಿದ್ದವರಿಗೆ ಕ್ಯಾಂಪ್ ಬಿಟ್ಟರೆ ಇನ್ನೆಲ್ಲಿ ಜಾಗ?

ಸೇನೆಗೆ ಇದೆಲ್ಲ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಕಪ್ಪು ದಳಗಳ ಭರ್ತಿಯ ಹೊಣೆ ಹೊತ್ತಿದ್ದ ಜನರಲ್ ಲೊರೆಂಜೊ ಥಾಮಸ್ 1864ರ ಜುಲೈನಲ್ಲೇ ಒಂದು ಆದೇಶ ಹೊರಡಿಸಿದ್ದರು. ಸೈನ್ಯಕ್ಕೆ ಲಾಯಕ್ಕಾದ ಗಂಡಸರನ್ನು ಮಾತ್ರ ಸೇರಿಸಿಕೊಳ್ಳಬೇಕು. ಉಳಿದವರು ತಮ್ಮ ತಮ್ಮ ಮನೆಗಳಲ್ಲೇ ಇರಲಿ, ರಾಜ್ಯದ ಕಾನೂನಿನ ಪ್ರಕಾರ ಅವರನ್ನು ನೋಡಿಕೊಳ್ಳುವುದು ಮಾಲೀಕರ ಹೊಣೆ, ಅಂತ. ಇದನ್ನು ಅಚಾತುರ್ಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಸರ್ಕಾರಕ್ಕೆ ಬೇಕಾಗಿದ್ದದ್ದು ಬಂದೂಕು ಹೊರುವ ದೇಹ. ಬಿಡುಗಡೆ ಕೊಟ್ಟದ್ದೂ ಅಷ್ಟಕ್ಕೇ.

ಅವನು ಮಾಡಿದ ಮೊದಲ ತೀರ್ಮಾನ

1864ರ ಅಕ್ಟೋಬರ್ ಮಧ್ಯದಲ್ಲಿ ನಮ್ಮ ಈ ಸೈನಿಕ ಕ್ಯಾಂಪಿಗೆ ಬಂದ. ಒಬ್ಬನೇ ಬರಲಿಲ್ಲ. ಹೆಂಡತಿ, ನಾಲ್ಕು ಮಕ್ಕಳು ಜೊತೆಗಿದ್ದರು. ಮಕ್ಕಳ ವಯಸ್ಸು 10, 9, 7 ಮತ್ತು 4.

ಯಾಕೆ ಎಲ್ಲರನ್ನೂ ಕರೆತಂದ? ನೀನು ಸೈನ್ಯ ಸೇರಿದರೆ ನಿನ್ನ ಸಂಸಾರವನ್ನು ನಾನು ಸಾಕುವುದಿಲ್ಲ ಎಂದು ಮಾಲೀಕ ಮೊದಲೇ ಹೇಳಿದ್ದ. ತಾನು ಈ ಕಡೆ ಬಂದರೆ ಆ ಕಡೆ ಅವರಿಗೆ ಹಿಂಸೆ ಖಚಿತ ಎಂದು ಇವನಿಗೂ ಗೊತ್ತಿತ್ತು. ಮುಂದೆ ಮೂರು ದಾರಿ ಇದ್ದವು. ಗುಲಾಮನಾಗಿಯೇ ಉಳಿಯುವುದು, ಸಂಸಾರ ಬಿಟ್ಟು ಒಬ್ಬನೇ ಸ್ವತಂತ್ರನಾಗುವುದು, ಇಲ್ಲ ಎಲ್ಲರನ್ನೂ ಎಬ್ಬಿಸಿಕೊಂಡು ಹೊರಡುವುದು. ಮೊದಲೆರಡರಲ್ಲಿ ಏನಾಗುತ್ತದೆ ಎಂಬುದು ಗೊತ್ತಿದ್ದ ವಿಷಯ. ಮೂರನೆಯದರಲ್ಲಿ ಮಾತ್ರ ಏನೋ ಒಂದು ಸಾಧ್ಯತೆ ಇತ್ತು. ಬಟ್ಟೆಬರೆಯನ್ನೂ ಪೂರ್ತಿ ತರಲಾಗಲಿಲ್ಲ, ಜಾಸ್ತಿ ಪಾಲು ಮಾಲೀಕನ ಮನೆಯಲ್ಲೇ ಉಳಿಯಿತು. ಈ ಸಣ್ಣ ವಿವರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೈನಿಕನಾಗುವುದು ಎಂದರೆ ಏನು ಎಂಬುದೂ ಆಗ ಗುಟ್ಟಾಗಿ ಉಳಿದಿರಲಿಲ್ಲ. ಅದೇ ಅಕ್ಟೋಬರ್ 2ರಂದು ವರ್ಜೀನಿಯಾದ ಸಾಲ್ಟ್‌ವಿಲ್‌ನಲ್ಲಿ ಕೆಂಟಕಿಯ ಕಪ್ಪು ಅಶ್ವದಳದವರು ಹೋರಾಡಿದ್ದರು. ಯುದ್ಧ ಮುಗಿದ ಮೇಲೆ, ಗಾಯಗೊಂಡು ಬಿದ್ದಿದ್ದ ಕಪ್ಪು ಸೈನಿಕರನ್ನು ದಕ್ಷಿಣದವರು ಕೊಂದರು. ಇನ್ನು ಸಂಬಳದ ವಿಷಯ. ಅದೇ ವರ್ಷದ ಜೂನ್‌ನಲ್ಲಿ ಕಾಂಗ್ರೆಸ್ ಸರಿಪಡಿಸುವ ತನಕ ಬಿಳಿ ಸೈನಿಕನಿಗೆ ತಿಂಗಳಿಗೆ 13 ಡಾಲರ್. ಕಪ್ಪು ಸೈನಿಕನಿಗೆ 10, ಅದರಲ್ಲೂ ಬಟ್ಟೆಗೆಂದು 3 ಕಡಿತ.

ಬಾಯಿಮಾತಿನ ಅನುಮತಿ

ಹೆಸರು ಬರೆಸಲು ಹೋದಾಗ ಅಲ್ಲಿದ್ದ ಲೆಫ್ಟಿನೆಂಟ್, ಸಂಸಾರವನ್ನು ಕ್ಯಾಂಪಿನೊಳಗೇ ಒಂದು ಡೇರೆಯಲ್ಲಿ ಇಟ್ಟುಕೋ ಎಂದ. ಅವನು ಹಾಗೇ ಮಾಡಿದ. ಐದು ವಾರ ಯಾರೂ ಏನೂ ಕೇಳಲಿಲ್ಲ.

ಇಡೀ ಪ್ರಕರಣ ತಿರುಗಿದ್ದು ಇಲ್ಲೇ ಅಂತ ನನಗನಿಸುತ್ತದೆ. ಭರ್ತಿ ಮೇಜಿನ ಮುಂದೆ ಕೂತ ಅಧಿಕಾರಿಗೆ ಬೇಕಾದದ್ದು ತಲೆಲೆಕ್ಕ. ಸಂಸಾರವನ್ನು ಬೇಡ ಎಂದರೆ ಆಳು ವಾಪಸ್ ಹೋದಾನು. ಹಾಗಾಗಿ ಹೂಂ ಅಂದ. ಆ ಹೂಂ ಯಾವ ಕಾಗದದಲ್ಲೂ ಇರಲಿಲ್ಲ. ಕಾಗದದಲ್ಲಿ ಇದ್ದದ್ದು ಜುಲೈನ ಆದೇಶ. ಕ್ಯಾಂಪಿನ ಮುಖ್ಯಸ್ಥ ಬ್ರಿಗೇಡಿಯರ್ ಜನರಲ್ ಸ್ಪೀಡ್ ಫ್ರೈ ಆ ಆದೇಶದ ಪ್ರಕಾರ ಬೇಸಿಗೆಯಿಂದಲೂ ಹಲವು ಸಲ ಹೆಂಗಸರನ್ನೂ ಮಕ್ಕಳನ್ನೂ ಹೊರಗೆ ಹಾಕಿಸಿದ್ದರು. ಕೆಲವರನ್ನು ನೇರವಾಗಿ ಮಾಲೀಕರ ಕೈಗೇ ಒಪ್ಪಿಸಿದ್ದೂ ಉಂಟು. ಹೊರಗೆ ಹಾಕಿದವರು ತಿರುಗಿ ಬರುತ್ತಿದ್ದರು, ಬೇರೆ ದಾರಿ ಇರಲಿಲ್ಲವಲ್ಲ. ಕ್ಯಾಂಪಿನ ಒಂದು ಕೈ ಒಳಗೆ ಕರೆಯುತ್ತಿತ್ತು, ಇನ್ನೊಂದು ಕೈ ಹೊರಗೆ ತಳ್ಳುತ್ತಿತ್ತು. ನಡುವೆ ಸಿಕ್ಕವರಿಗೆ ಯಾವ ಕೈ ಯಾವತ್ತು ಮೇಲಾಗುತ್ತದೆ ಎಂಬುದು ತಿಳಿಯುವಂತಿರಲಿಲ್ಲ.

ಫ್ರೈ ಅವರ ಪರವಾಗಿ ಹೇಳುವುದು ಏನೂ ಇಲ್ಲ ಎಂದಲ್ಲ. ಅದು ಸೇನಾ ನೆಲೆ, ಜನ ಕಿಕ್ಕಿರಿದರೆ ರೋಗ ಹರಡುತ್ತದೆ, ಮೇಲಿನವರ ಆದೇಶವೂ ಇತ್ತು. ಇದೆಲ್ಲ ನಿಜ. ಆದರೆ ಯಾವ ದಿನ, ಯಾವ ಹವೆಯಲ್ಲಿ, ಎಲ್ಲಿಗೆ ಕಳಿಸಬೇಕು ಎಂಬುದನ್ನು ಆ ಆದೇಶ ಹೇಳಿರಲಿಲ್ಲ. ಅದು ಪೂರ್ತಿ ಅವರದೇ ತೀರ್ಮಾನ.

ನವೆಂಬರ್ 22ರಿಂದ 24

ಮಂಗಳವಾರ ಸಂಜೆ ಸುಮಾರು ಆರು ಗಂಟೆಗೆ ಕುದುರೆ ಮೇಲೆ ಬಂದ ಕಾವಲಿನವನು ಡೇರೆಯ ಮುಂದೆ ನಿಂತು, ಬೆಳಗಾಗುವುದರೊಳಗೆ ಜಾಗ ಖಾಲಿ ಮಾಡಬೇಕು ಎಂದು ಹೆಂಡತಿಗೆ ಹೇಳಿ ಹೋದ. ಅವರಿಗೆ ಸಿಕ್ಕ ಮೊದಲ ನೋಟಿಸು ಇದು. ಹೋಗಲು ಎಲ್ಲೂ ಜಾಗ ಇಲ್ಲದ್ದರಿಂದ ಆಕೆ ಅಲ್ಲೇ ಉಳಿದಳು. ಏಳು ವರ್ಷದ ಹುಡುಗನಿಗೆ ಜೋರು ಕಾಯಿಲೆಯಾಗಿ, ಆಗಷ್ಟೇ ನಿಧಾನವಾಗಿ ಚೇತರಿಸಿಕೊಳ್ಳುತ್ತಿದ್ದ.

ಬುಧವಾರ ಬೆಳಿಗ್ಗೆ ಎಂಟರ ಸುಮಾರಿಗೆ ಕಾವಲಿನವರು ಗಾಡಿ ಸಮೇತ ಬಂದರು. ನೀರು ಹೆಪ್ಪುಗಟ್ಟುವಷ್ಟು ಚಳಿ. ಸೈನಿಕ ಅವರಿಗೆ ಮೂರು ಮಾತು ಹೇಳಿದ. ಈ ಚಳಿಯಲ್ಲಿ ಹೊರಗೆ ಕರೆದೊಯ್ದರೆ ನನ್ನ ಹುಡುಗ ಸಾಯುತ್ತಾನೆ. ಇವರಿಗೆ ಹೋಗಲು ಎಲ್ಲೂ ಜಾಗ ಇಲ್ಲ. ನಾನು ಅಮೆರಿಕ ಸಂಯುಕ್ತ ಸಂಸ್ಥಾನದ ಸೈನಿಕ.

ಮೂರನೆಯ ಮಾತು ಗಮನಿಸಿ. ಆ ಸಮವಸ್ತ್ರಕ್ಕೆ ಏನಾದರೂ ಬೆಲೆ ಇರಬಹುದು ಎಂದು ಅವನು ನಂಬಿದ್ದ ಜಾಗ ಅದು. ಕಾವಲಿನವನು, ಅದರಿಂದ ಏನೂ ವ್ಯತ್ಯಾಸವಾಗುವುದಿಲ್ಲ, ಎಲ್ಲರನ್ನೂ ಹೊರಗೆ ಹಾಕಲು ನನಗೆ ಆದೇಶವಿದೆ ಎಂದ. ಗಾಡಿ ಹತ್ತದಿದ್ದರೆ ಒಬ್ಬರನ್ನೂ ಬಿಡದೆ ಗುಂಡು ಹೊಡೆಯುತ್ತೇನೆ ಎಂದು ಹೆಂಡತಿ ಮಕ್ಕಳಿಗೆ ಹೇಳಿದ. ಹತ್ತಿದರು. ತಾಯಿ ಹುಡುಗನನ್ನು ಎತ್ತಿಕೊಂಡೇ ಹತ್ತಿದಳು. ಗಾಳಿ ಜೋರಾಗಿ ಬೀಸುತ್ತಿತ್ತು. ಬೆಚ್ಚನೆಯ ಬಟ್ಟೆ ಇರಲಿಲ್ಲ, ಇದ್ದದ್ದೆಲ್ಲ ಮಾಲೀಕನ ಮನೆಯಲ್ಲಿ. ಸೈನಿಕ ಕಾವಲು ಗೆರೆಯವರೆಗೆ ಗಾಡಿಯ ಹಿಂದೆ ಹೋದ. ಎಲ್ಲಿಗೆ ಕರೆದೊಯ್ಯುತ್ತಿದ್ದಾರೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ರಾತ್ರಿ ಹುಡುಕಿಕೊಂಡು ಹೊರಟ. 6 ಮೈಲಿ ದೂರದ ನಿಕೋಲಸ್‌ವಿಲ್‌ನಲ್ಲಿ, ಕಪ್ಪು ಜನರ ಹಳೆಯ ಪ್ರಾರ್ಥನಾ ಮಂದಿರದಲ್ಲಿ ಸಿಕ್ಕರು. ಇಡೀ ಕಟ್ಟಡಕ್ಕೆ ಒಂದೇ ಒಲೆ. ಒಳಗೆ ತುರುಕಿದ್ದ ಜನ ಎಷ್ಟಿದ್ದರೆಂದರೆ ಇವನ ಹೆಂಡತಿ ಮಕ್ಕಳಿಗೆ ಬೆಂಕಿಯ ಹತ್ತಿರ ಹೋಗಲೂ ಆಗಿರಲಿಲ್ಲ. ಬೆಳಿಗ್ಗೆಯಿಂದ ಒಂದು ತುತ್ತು ಅನ್ನ ಸಿಕ್ಕಿರಲಿಲ್ಲ. ಹುಡುಗ ಗಾಡಿಯಿಂದ ಇಳಿದ ಸ್ವಲ್ಪ ಹೊತ್ತಿಗೇ ಸತ್ತಿದ್ದ.

ಆ ರಾತ್ರಿಯೇ ಅವನು ಕ್ಯಾಂಪಿಗೆ ನಡೆದು ವಾಪಸ್ಸಾದ. ವಾಪಸ್ ಹೋಗಲೇಬೇಕಿತ್ತು ಎಂದಷ್ಟೇ ಹೇಳಿಕೆಯಲ್ಲಿದೆ. ಅದರ ಹಿಂದಿನ ಲೆಕ್ಕ ಕಷ್ಟದ್ದೇನಲ್ಲ. ಹಾಜರಿಲ್ಲದ ಸೈನಿಕ ಪಲಾಯನ ಮಾಡಿದವನಾಗುತ್ತಾನೆ. ಸಂಸಾರದ ಕೈಯಲ್ಲಿ ಉಳಿದಿದ್ದ ಒಂದೇ ಒಂದು ಆಸರೆ ಅವನು ಸೈನಿಕ ಎಂಬುದು, ಅದೂ ಹೋಗುತ್ತದೆ. ಮರುದಿನ ಬೆಳಿಗ್ಗೆ ಮತ್ತೆ 6 ಮೈಲಿ ನಡೆದು ಹೋಗಿ, ತಾನೇ ಗುಂಡಿ ತೋಡಿ, ಮಗನನ್ನು ಹೂತ.

ಆ ವಾರ ಹೀಗೆ ಹೊರಗೆ ಹಾಕಿದವರು ಸುಮಾರು 400 ಹೆಂಗಸರು, ಮಕ್ಕಳು. ತಿರುಗಿ ಬರಬಾರದು ಅಂತ ಅವರ ಗುಡಿಸಲುಗಳನ್ನೂ ಕೆಡವಿ ಸುಟ್ಟರು. ಅವರಲ್ಲಿ 102 ಜನ ಸತ್ತರು.

ಹೇಳಿಕೆ

ಈ ಸಂಗತಿ ಬೇರೆ ಎಷ್ಟೋ ಕಡೆಯ ಹಾಗೆ ಅಲ್ಲೇ ಮುಗಿದುಹೋಗಬಹುದಿತ್ತು. ಮುಗಿಯದಿರುವುದಕ್ಕೆ ಕಾರಣ, ಕ್ಯಾಂಪಿನೊಳಗೇ ಇದನ್ನು ಒಪ್ಪದ ಕೆಲವರಿದ್ದರು. ಸರಬರಾಜು ವಿಭಾಗದಲ್ಲಿ ಕೆಲಸ ಮಾಡಿದ್ದ ಕ್ಯಾಪ್ಟನ್ ಥೆರಾನ್ ಹಾಲ್ ಅವರಲ್ಲಿ ಮುಖ್ಯ. ಸೈನಿಕರಿಗೆ ಓದು ಬರಹ ಕಲಿಸಲು ಬಂದಿದ್ದ ಪಾದ್ರಿ ಜಾನ್ ಫೀ ಮತ್ತಿತರ ಮಿಷನರಿಗಳೂ ಹೆಂಗಸರು ಮಕ್ಕಳ ಪರ ಇದ್ದರು. ಜಗಳವಾಡುವುದರಿಂದ ಫ್ರೈ ಬದಲಾಗುವವರಲ್ಲ. ಹಾಗಾಗಿ ನಡೆದದ್ದನ್ನು ಕಂಡವರಿಂದ, ಅನುಭವಿಸಿದವರಿಂದ ಪ್ರಮಾಣೀಕರಿಸಿದ ಹೇಳಿಕೆ ಬರೆಸಿಕೊಂಡು ಮೇಲಕ್ಕೆ ಕಳಿಸುವ ದಾರಿ ಹಿಡಿದರು. ನಮ್ಮ ಸೈನಿಕ ಮಗನನ್ನು ಹೂತ ಎರಡು ದಿನಕ್ಕೆ ಹೇಳಿಕೆ ಕೊಟ್ಟ. ಅಕ್ಷರ ಬಾರದ್ದರಿಂದ ಸಹಿಯ ಜಾಗದಲ್ಲಿ ಗುರುತು ಹಾಕಿದ.

ಆ ಹೇಳಿಕೆಯಲ್ಲಿ ಗೋಳಾಟ ಇಲ್ಲ, ಯಾರಿಗೂ ಬೈಗುಳ ಇಲ್ಲ. ಇರುವುದು ಗಂಟೆ, ವಾರ, ವಯಸ್ಸು, ಎಷ್ಟು ಮೈಲಿ, ಯಾರು ಏನು ಹೇಳಿದರು. ಡೇರೆಯಲ್ಲಿ ಇದ್ದದ್ದು ಅಧಿಕಾರಿಯ ಅನುಮತಿಯಿಂದಲೇ ಎಂಬುದನ್ನು ಒತ್ತಿ ಹೇಳಿದ್ದಾನೆ. ನೋಟಿಸು ಸಿಕ್ಕ ಹೊತ್ತನ್ನು ಹೇಳಿದ್ದಾನೆ. ಹುಡುಗ ಸಾಯುತ್ತಾನೆ ಎಂದು ಮುಂಚೆಯೇ ಎಚ್ಚರಿಸಿದ್ದನ್ನು ಹೇಳಿದ್ದಾನೆ. ಇಷ್ಟು ಸೇರಿದ ಮೇಲೆ 'ನಮಗೆ ಗೊತ್ತಿರಲಿಲ್ಲ' ಎನ್ನಲು ಯಾರಿಗೂ ಜಾಗ ಉಳಿಯುವುದಿಲ್ಲ. ಇದರಲ್ಲಿ ಬರೆಸಿಕೊಂಡವರ ಜಾಣತನ ಎಷ್ಟು, ಹೇಳಿದವನದು ಎಷ್ಟು ಎಂದು ಬೇರೆ ಮಾಡುವುದು ಕಷ್ಟ. ಮಾತಿನ ತೂಕ ಮಾತ್ರ ಅವನದೇ. ದೂರು ಬರೆಯುವ ಕೆಲಸ ಮಾಡುವವರು, ವಕೀಲರು, ವರದಿಗಾರರು ಈ ಒಂದು ಪುಟವನ್ನು ಗಮನವಿಟ್ಟು ನೋಡಬೇಕು.

ಏನಾಯಿತು

ನವೆಂಬರ್ 28ರಂದು ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಈ ಹೊರಹಾಕುವಿಕೆಯ ಬಗ್ಗೆ ಗುಪ್ತನಾಮದ ಬರಹ ಬಂತು. ತಿಂಗಳು ಮುಗಿಯುವುದರೊಳಗೆ ಕೆಂಟಕಿಯ ಸೇನಾ ಮುಖ್ಯಸ್ಥ ಜನರಲ್ ಬರ್ಬ್ರಿಜ್, ಇನ್ನು ಯಾರನ್ನೂ ಹೊರಗೆ ಹಾಕಬೇಡಿ, ಅವರಿಗೆ ಜಾಗ ಕೊಡಿ ಎಂದು ಫ್ರೈಗೆ ಆದೇಶಿಸಿದರು. ಯುದ್ಧ ಮಂತ್ರಿ ಸ್ಟಾಂಟನ್ ಅವರ ಕಚೇರಿಗೂ ವಿಷಯ ಮುಟ್ಟಿತು. ಆ ಚಳಿಗಾಲದಲ್ಲೇ ಕ್ಯಾಂಪಿನೊಳಗೆ ನಿರಾಶ್ರಿತರ ನೆಲೆಯೊಂದನ್ನು ಕಟ್ಟಲು ಶುರು ಮಾಡಿ, ಹಾಲ್ ಅವರನ್ನೇ ಅದರ ಉಸ್ತುವಾರಿಗೆ ಹಾಕಿದರು. ಸಾಲು ಬ್ಯಾರಕ್, ಊಟದ ಮನೆ, ಶಾಲೆ, ಆಮೇಲೆ ಸಣ್ಣ ಸಣ್ಣ ಮನೆಗಳು ಬಂದವು.

ದೊಡ್ಡ ಬದಲಾವಣೆ ವಾಷಿಂಗ್ಟನ್‌ನಲ್ಲಿ ಆಯಿತು. ಸೈನಿಕರ ಹೆಂಡತಿ ಮಕ್ಕಳನ್ನು ಬಿಡುಗಡೆ ಮಾಡುವ ನಿರ್ಣಯವನ್ನು ಸೆನೆಟರ್ ಹೆನ್ರಿ ವಿಲ್ಸನ್ ಮುಂದಿಟ್ಟರು. ನಿಷ್ಠ ರಾಜ್ಯದ ಜನರ ಆಸ್ತಿಗೆ ಕೈಹಾಕಲು ಕಾಂಗ್ರೆಸ್ಸಿಗೆ ಹಕ್ಕಿಲ್ಲ ಎಂದು ಕೆಂಟಕಿಯ ಸೆನೆಟರುಗಳು ವಾದಿಸಿದರು. ಕ್ಯಾಂಪ್ ನೆಲ್ಸನ್ನಿನ ಸುದ್ದಿ ಹೊತ್ತಿಗೆ ಸರಿಯಾಗಿ ಒದಗಿತು. 1865ರ ಮಾರ್ಚ್ 3ರಂದು ನಿರ್ಣಯ ಕಾನೂನಾಯಿತು. ಇಲ್ಲಿ ಇನ್ನೊಂದು ಗಂಟು ಇತ್ತು. ಗುಲಾಮರ ಮದುವೆಗೆ ಕೆಂಟಕಿಯಲ್ಲಿ ಕಾನೂನಿನ ಮಾನ್ಯತೆಯೇ ಇರಲಿಲ್ಲ. ಹಾಗಿದ್ದಾಗ ಹೆಂಡತಿ ಯಾರು ಎಂದು ತೋರಿಸುವುದು ಹೇಗೆ? ಗಂಡ ಹೆಂಡತಿಯಾಗಿ ಒಟ್ಟಿಗೆ ಬಾಳಿದ್ದರೆ, ಅಥವಾ ಕಾನೂನು ಒಪ್ಪಲಿ ಬಿಡಲಿ, ಯಾವುದೋ ಬಗೆಯ ಮದುವೆ ಶಾಸ್ತ್ರ ಆಗಿದ್ದರೆ ಅದೇ ಸಾಕ್ಷಿ ಎಂದು ಕಾನೂನೇ ಹೇಳಿತು. ಇಂಥ ಕಡೆ ಸುಮ್ನೆ 'ಹೆಂಡತಿ' ಎಂದು ಬರೆದು ಬಿಟ್ಟಿದ್ದರೆ ಕೆಂಟಕಿಯ ಕೋರ್ಟುಗಳು ಅದನ್ನು ಒಂದೇ ವಾರದಲ್ಲಿ ನಿಷ್ಪ್ರಯೋಜಕ ಮಾಡುತ್ತಿದ್ದವು.

ಆದರೆ ಆ ನಿರ್ಣಯದ ತಲೆಬರಹ ನೋಡಿ. ಸೈನ್ಯ ಭರ್ತಿಗೆ ಉತ್ತೇಜನ ಕೊಡುವುದು, ಸೇನೆಯ ದಕ್ಷತೆ ಹೆಚ್ಚಿಸುವುದು ಅದರ ಉದ್ದೇಶ. ಸತ್ತ ಮಕ್ಕಳ ಮಾತು ಅದರಲ್ಲಿಲ್ಲ. ಹೆಂಡತಿಯನ್ನು ಬಿಡಿಸಲು ಇನ್ನಷ್ಟು ಗಂಡಸರು ಬಂದು ಸೇರುತ್ತಾರೆ ಎಂಬ ಲೆಕ್ಕಾಚಾರ ಅದರ ಬೆನ್ನಿಗಿತ್ತು. ಲೆಕ್ಕ ತಪ್ಪಲಿಲ್ಲ. ಬರ್ಬ್ರಿಜ್ ನಂತರ ಬಂದ ಜನರಲ್ ಪಾಮರ್ ಈ ಕಾನೂನನ್ನು ಕೆಂಟಕಿಯಲ್ಲೆಲ್ಲ ಸಾರಿಸಿದರು, ಜನ ಬಂದು ಸೇರಿದರು. ದಕ್ಷಿಣದ ಸೇನಾಪತಿ ಲೀ ಶರಣಾಗಿದ್ದು ಏಪ್ರಿಲ್ 9ರಂದು, ಅಂದರೆ ಕಾನೂನು ಬಂದ ಐದು ವಾರಕ್ಕೆ. ಕರುಣೆಗಿಂತ ಅಗತ್ಯ ಜಾಸ್ತಿ ಕೆಲಸ ಮಾಡಿತು ಎಂದರೆ ಕೆಲವರಿಗೆ ಬೇಸರವಾಗಬಹುದು. ನನಗೆ ಇದು ಉಪಯೋಗದ ವಿಷಯವಾಗಿ ಕಾಣುತ್ತದೆ. ಹಾಲ್ ಮತ್ತು ಫೀ ಕರುಣೆಯ ಮಾತಾಡಿದರು, ವಿಲ್ಸನ್ ಭರ್ತಿಯ ಮಾತನ್ನೂ ಸೇರಿಸಿದರು. ಎರಡೂ ಇಲ್ಲದಿದ್ದರೆ ಮತ ಬೀಳುತ್ತಿರಲಿಲ್ಲ.

ಹೇಳಿಕೆ ಕೊಟ್ಟವನಿಗೆ ಇದರಿಂದ ಏನೂ ಸಿಗಲಿಲ್ಲ. ಜನವರಿಯ ಮೊದಲ ವಾರದೊಳಗೆ ಅವನ ಹೆಂಡತಿ, ಉಳಿದ ಮಕ್ಕಳು, ಕೊನೆಗೆ ಅವನೂ ತೀರಿಕೊಂಡರು. ಕಾನೂನು ಬಂದದ್ದು ಅದಾಗಿ ಎರಡು ತಿಂಗಳಿಗೆ.

ಆ ಕಾನೂನೂ ಎಲ್ಲರನ್ನೂ ಒಳಗೆ ಸೇರಿಸಿಕೊಳ್ಳಲಿಲ್ಲ. 1862ರ ಕಾನೂನಿನಲ್ಲಿ, ಷರತ್ತಿನ ಮೇಲಾದರೂ, ಸೈನಿಕನ ತಾಯಿಯ ಹೆಸರಿತ್ತು. 1865ರ ನಿರ್ಣಯದಲ್ಲಿ ಹೆಂಡತಿ, ಮಕ್ಕಳು ಅಷ್ಟೇ. ಸೈನಿಕನ ತಾಯಿ, ಅಕ್ಕ ತಂಗಿಯರು, ಸೈನ್ಯಕ್ಕೆ ಯಾರನ್ನೂ ಕಳಿಸಲಾಗದ ಮುದುಕರು, ಇವರೆಲ್ಲ ಕೆಂಟಕಿಯಲ್ಲಿ ಕಾನೂನಿನ ಪ್ರಕಾರ ಗುಲಾಮರಾಗಿಯೇ ಉಳಿದರು. ಅವರ ಬಿಡುಗಡೆಗೆ 1865ರ ಡಿಸೆಂಬರ್‌ನಲ್ಲಿ, ಗುಲಾಮಗಿರಿಯನ್ನೇ ರದ್ದು ಮಾಡಿದ ಸಂವಿಧಾನದ 13ನೇ ತಿದ್ದುಪಡಿ ಜಾರಿಯಾಗಬೇಕಾಯಿತು. ಆ ತಿದ್ದುಪಡಿಯನ್ನು ಕೆಂಟಕಿ ಶಾಸನಸಭೆ ಅದೇ ವರ್ಷ ತಿರಸ್ಕರಿಸಿತ್ತು. ಒಪ್ಪಿಗೆಯ ಮುದ್ರೆ ಒತ್ತಿದ್ದು 1976ರಲ್ಲಿ.